ತೈಲಪಾಕವೂ ಮೇಜಿನ ಮೇಲಣ ಯಂತ್ರವೂ



ಎಣ್ಣೆ ಕಾಯಿಸುವ ವಿಷಯವನ್ನು ಇಂಥ ಪತ್ರಿಕೆಯಲ್ಲಿ ಬರೆಯತಕ್ಕದ್ದೇನಿದೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ಶರಣರ ಸಮೂಹದಲ್ಲಿ ಗಾಣದ ಕಣ್ಣಪ್ಪನಿಗೂ ವೈದ್ಯ ಸಂಗಣ್ಣನಿಗೂ ಸ್ಥಾನವಿತ್ತೆಂಬುದನ್ನು ಬಲ್ಲ ತಮಗೆ, ಎಣ್ಣೆಯ ಕೆಲಸವಾಗಲಿ ಔಷಧದ ಕೆಲಸವಾಗಲಿ ಹಗುರವಾದುದಲ್ಲವೆಂದು ನಾನು ಹೇಳಬೇಕಾದುದಿಲ್ಲ. ವಾಗ್ಭಟಾಚಾರ್ಯನು ತನ್ನ ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ ಅಭ್ಯಂಗವನ್ನು ನಿತ್ಯವೂ ಆಚರಿಸತಕ್ಕದ್ದೆಂದೂ, ಅದರಲ್ಲಿಯೂ ನೆತ್ತಿ, ಕಿವಿ ಮತ್ತು ಅಂಗಾಲುಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚತಕ್ಕದ್ದೆಂದೂ ವಿಧಿಸಿದ್ದಾನೆ. ಪ್ರಸಾದ ನಿಲಯಗಳಲ್ಲಿ ಬೆಳೆದ ನಮ್ಮಲ್ಲಿ ಎಷ್ಟೋ ಜನ, ಊರಿನಿಂದ ಬರುವಾಗ ತಾಯಿ ಟ್ರಂಕಿನ ಮೂಲೆಯಲ್ಲಿಟ್ಟು ಕಳಿಸಿದ ಹಸಿರು ಎಣ್ಣೆಯ ಸೀಸೆಯನ್ನು ಇನ್ನೂ ಮರೆತಿರಲಾರರು. ಆ ಎಣ್ಣೆ ಹೇಗೆ ತಯಾರಾಗುತ್ತಿತ್ತೆಂಬುದನ್ನು ಮಾತ್ರ ನಾವು ಯಾರೂ ಕೇಳಲಿಲ್ಲ. ಅದು ಬರುತ್ತಿತ್ತು, ನಾವು ಹಚ್ಚಿಕೊಳ್ಳುತ್ತಿದ್ದೆವು.

ಈಗ ಕಾಲ ಬದಲಾಗಿದೆ. ಅಡಿಗೆ ಮನೆಯ ಕಟ್ಟೆಯ ಮೇಲೆ ಮಿಕ್ಸರಿನ ಪಕ್ಕದಲ್ಲಿ ಕೂಡುವ ‘ಇನ್‌ಫ್ಯೂಸರ್’ ಎಂಬ ಒಂದು ಸಣ್ಣ ವಿದ್ಯುತ್ ಯಂತ್ರವು ಬಂದಿದೆ. ಎಣ್ಣೆಯನ್ನು ಹೊಯ್ದು, ಸೊಪ್ಪನ್ನು ತುಂಬಿ, ಉಷ್ಣಮಾನವನ್ನೂ ಸಮಯವನ್ನೂ ಗೊತ್ತುಮಾಡಿ ಗುಂಡಿಯನ್ನೊತ್ತಿದರೆ, ಅದು ತಾನೇ ಕಾಯಿಸಿ, ತಾನೇ ಕದಡಿ, ಹೊತ್ತಾದ ಮೇಲೆ ತಾನೇ ನಿಲ್ಲುತ್ತದೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ನನ್ನ ಉದ್ದೇಶವಲ್ಲ. ಈ ಯಂತ್ರವು ಯಾವ ಕೆಲಸವನ್ನು ಮಾಡಬಲ್ಲದು, ಯಾವುದನ್ನು ಮಾಡಲಾರದು, ಮಾಡಲಾರದ ಭಾಗವನ್ನು ನಮ್ಮ ಹಿರಿಯರು ಹೇಗೆ ಮಾಡುತ್ತಿದ್ದರು ಎಂಬಿಷ್ಟನ್ನು ನನ್ನ ಮನೆಯ ಅನುಭವದಿಂದ ತಮ್ಮ ಮುಂದಿಡಬಯಸುತ್ತೇನೆ.

ಮೊದಲು ಹಿರಿಯರ ಕ್ರಮವನ್ನು ನೋಡೋಣ. ಶಾರ್ಙ್ಗಧರ ಸಂಹಿತೆಯು ಸ್ನೇಹಪಾಕಕ್ಕೆ ಒಂದು ಸಾಮಾನ್ಯ ಪ್ರಮಾಣವನ್ನು ಹೇಳಿದೆ. ಅರೆದ ಕಲ್ಕ ಒಂದು ಪಾಲಾದರೆ ಎಣ್ಣೆ ನಾಲ್ಕು ಪಾಲು, ರಸ ಅಥವಾ ಕಷಾಯವು ಹದಿನಾರು ಪಾಲು. ಲೆಕ್ಕವನ್ನು ಮನೆಯ ಅಳತೆಗೆ ಇಳಿಸಿದರೆ, 125 ಗ್ರಾಂ ಅರೆದ ಸೊಪ್ಪಿಗೆ ಅರ್ಧ ಲೀಟರ್ ಎಣ್ಣೆ, ಎರಡು ಲೀಟರ್ ರಸ. ಅರ್ಧ ಲೀಟರ್ ಎಣ್ಣೆಗಾಗಿ ಎರಡು ಲೀಟರ್ ನೀರನ್ನು ಹಾಕಿ ಮತ್ತೆ ಆ ನೀರನ್ನೆಲ್ಲ ಆವಿಮಾಡಿ ಕಳೆಯುವುದು ವ್ಯರ್ಥ ಶ್ರಮವೆಂದು ತೋರೀತು. ಹಾಗಲ್ಲ. ಪಾತ್ರೆಯಲ್ಲಿ ನೀರಿರುವವರೆಗೂ ಅದರ ಉಷ್ಣಮಾನ ನೂರು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಉರಿ ಎಷ್ಟೇ ಹೆಚ್ಚಾದರೂ ನೀರು ಆ ಶಾಖವನ್ನು ಆವಿಯಾಗುವುದಕ್ಕೆ ಬಳಸಿಕೊಂಡು ಸೊಪ್ಪನ್ನು ಸುಡದಂತೆ ಕಾಯುತ್ತದೆ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ನೀರೇ ಥರ್ಮಾಮೀಟರ್ ಆಗಿತ್ತು. ಅಪಾಯವೆಲ್ಲ ಕೊನೆಯ ಘಳಿಗೆಯಲ್ಲಿ. ನೀರು ತೀರಿದೊಡನೆ ಎಣ್ಣೆಯ ಕಾವು ತಡೆಯಿಲ್ಲದೆ ಏರತೊಡಗುತ್ತದೆ; ಆಗ ಎಚ್ಚರ ತಪ್ಪಿದರೆ ನಾಲ್ಕು ತಾಸಿನ ಕೆಲಸ ನಾಲ್ಕು ನಿಮಿಷದಲ್ಲಿ ಕರಿಯಾಗುತ್ತದೆ.

ಆದುದರಿಂದಲೇ ಶಾಸ್ತ್ರಕಾರರು ಪಾಕದ ಲಕ್ಷಣಗಳನ್ನು ಅಷ್ಟು ಜತನದಿಂದ ಬರೆದಿಟ್ಟರು. ಕಲ್ಕವನ್ನು ಬೆರಳುಗಳ ನಡುವೆ ಹೊಸೆದರೆ ಬತ್ತಿಯಂತಾಗಬೇಕು. ಅದನ್ನು ಬೆಂಕಿಗೊಡ್ಡಿದರೆ ಸದ್ದಾಗಬಾರದು. ಎಣ್ಣೆಯಾದರೆ ನೊರೆ ಏಳಬೇಕು, ತುಪ್ಪವಾದರೆ ನೊರೆ ಅಡಗಬೇಕು. ಆಯಾ ದ್ರವ್ಯದ ಬಣ್ಣ, ಗಂಧಗಳು ಹೊಮ್ಮಬೇಕು. ಕಲ್ಕದಲ್ಲಿ ತುಸು ತೇವವಿದ್ದರೆ ಮೃದುಪಾಕ, ತೇವವಿಲ್ಲದೆ ಮೆತ್ತಗಿದ್ದರೆ ಮಧ್ಯಮಪಾಕ, ಸ್ವಲ್ಪ ಗಡುಸಾದರೆ ಖರಪಾಕ. ನಸ್ಯಕ್ಕೆ ಮೃದು, ಅಭ್ಯಂಗಕ್ಕೆ ಖರ ಎಂದು ವಿನಿಯೋಗವನ್ನೂ ಹೇಳಿದ್ದಾರೆ. ಇವುಗಳ ಆಚೆಗೆ ಸುಟ್ಟುಹೋದದ್ದು ದಗ್ಧಪಾಕ, ಈಚೆಗೆ ಬೇಯದೆ ಉಳಿದದ್ದು ಆಮಪಾಕ, ಎರಡೂ ನಿಷ್ಪ್ರಯೋಜಕ. ಈ ‘ಆಮಪಾಕ’ ಎಂಬ ಮಾತನ್ನು ತಾವು ದಯಮಾಡಿ ನೆನಪಿನಲ್ಲಿಡಬೇಕು.

ಇನ್ನು ನಮ್ಮ ಮನೆಯ ಸಂಗತಿ. ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿ ನನ್ನ ಅಕ್ಕನ ಎಣ್ಣೆಯೆಂದರೆ ಓಣಿಗೆಲ್ಲ ಗೊತ್ತಿದ್ದುದು. ಮಳೆಗಾಲದಲ್ಲಿ ಕೆರೆಯ ಅಂಗಳದಲ್ಲಿಯೂ ಗದ್ದೆಯ ಬದುವಿನಲ್ಲಿಯೂ ಹುಲುಸಾಗಿ ಬೆಳೆಯುವ ಗರುಗದ ಸೊಪ್ಪು, ಅಂದರೆ ಭೃಂಗರಾಜ, ಅದಕ್ಕೆ ಮುಖ್ಯ ದ್ರವ್ಯ. ಜೊತೆಗೆ ಒಂದೆಲಗ, ಕರಿಬೇವು, ನೆಲ್ಲಿಕಾಯಿಯ ರಸ, ಒಂದು ಮುಷ್ಟಿ ಮೆಂತ್ಯ. ಚಳಿಗಾಲಕ್ಕೆ ಎಳ್ಳೆಣ್ಣೆ, ಬೇಸಿಗೆಗೆ ಕೊಬ್ಬರಿ ಎಣ್ಣೆ. ಒಂದೇ ದಿನದಲ್ಲಿ ಪಾಕವನ್ನು ಮುಗಿಸದೆ ರಾತ್ರಿ ಹಾಗೆಯೇ ಮುಚ್ಚಿಟ್ಟು ಮರುದಿನ ಮತ್ತೆ ಒಲೆಗೇರಿಸುತ್ತಿದ್ದಳು. ಎಣ್ಣೆ ತುಪ್ಪಗಳನ್ನು ಒಂದೇ ದಿನದಲ್ಲಿ ಸಾಧಿಸಬಾರದೆಂಬ ಮಾತು ಶಾರ್ಙ್ಗಧರನಲ್ಲಿಯೇ ಇದೆ. ಅಕ್ಕ ಆ ಗ್ರಂಥದ ಹೆಸರನ್ನೂ ಕೇಳಿದವಳಲ್ಲ. ನಮ್ಮ ಅವ್ವ ಮಾಡುತ್ತಿದ್ದಂತೆ ಮಾಡುತ್ತಿದ್ದಳು. ಬಾಣಂತಿಯ ಮನೆಗೆ, ವೃದ್ಧರ ಮೊಣಕಾಲಿಗೆ, ಪರೀಕ್ಷೆಗೆ ಓದುವ ಹುಡುಗರ ನೆತ್ತಿಗೆ ಅವಳ ಸೀಸೆಗಳು ಹೋಗುತ್ತಿದ್ದವು. ಹಣವನ್ನು ಅವಳು ಮುಟ್ಟಿದುದಿಲ್ಲ. ಅದು ಅವಳ ಕಾಯಕವಾಗಿತ್ತು; ವಿಧವೆಯಾಗಿ ತಮ್ಮನ ಮನೆಗೆ ಬಂದು ನೆಲೆಸಿದ ಹೆಣ್ಣುಮಗಳಿಗೆ ಊರಿನಲ್ಲಿ ಆದರದ ಒಂದು ಸ್ಥಾನವನ್ನು ಕೊಟ್ಟ ಕಾಯಕ.

2019ರಲ್ಲಿ ಅವಳಿಗೆ ಗ್ಲಾಕೋಮಾ ಇರುವುದೆಂದು ವೈದ್ಯರು ಹೇಳಿದರು. ಕಣ್ಣಿನ ಒಳಗಿನ ಒತ್ತಡದಿಂದ ನೇತ್ರನರವು ಹಾಳಾಗುವ ರೋಗವದು; ಔಷಧದಿಂದ ಉಳಿದ ದೃಷ್ಟಿಯನ್ನು ಕಾಪಾಡಬಹುದೇ ಹೊರತು ಹೋದ ದೃಷ್ಟಿ ಮರಳುವುದಿಲ್ಲ. ಮೊದಲು ಪಕ್ಕದ ನೋಟ ಹೋಯಿತು, ಬರಬರುತ್ತ ಎದುರಿನ ನೋಟವೂ ಮಸಕಾಯಿತು. ಒಂದು ದಿನ ಕುದಿಯುವ ಬಾಣಲೆಯ ಮುಂದೆ ಕುಳಿತಿದ್ದಾಗ ಸೆರಗಿನ ಅಂಚಿಗೆ ಕಿಡಿ ತಾಗಿತು. ಅನಾಹುತವೇನೂ ಆಗಲಿಲ್ಲ. ಆದರೆ ಅಂದೇ ಅವಳು ಬಾಣಲೆಯನ್ನು ತೊಳೆದು ಅಟ್ಟದ ಮೇಲಿರಿಸಿದಳು. ಬೇಡವೆಂದು ಯಾರೂ ಹೇಳಲಿಲ್ಲ. ಬೇಕೆಂದು ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಆಮೇಲೆ ಅಕ್ಕ ಬಹಳ ಮಾತನಾಡುವುದನ್ನೂ ಬಿಟ್ಟಳು. ಎಣ್ಣೆ ಕೇಳಲು ಬಂದವರಿಗೆ ‘ಈಗ ಮಾಡೂದಿಲ್ಲವ್ವಾ’ ಎಂದು ಹೇಳುವಾಗಿನ ಅವಳ ದನಿಯನ್ನು ಕೇಳುವುದು ನಮಗೆ ಕಷ್ಟವಾಗುತ್ತಿತ್ತು.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಸೊಸೆ ಇದನ್ನು ಕಂಡು 2023ರ ಮಳೆಗಾಲದಲ್ಲಿ ನಾನು ಮೇಲೆ ಹೇಳಿದ ಯಂತ್ರವನ್ನು ತಂದಳು. ಅದರಲ್ಲಿ ಉರಿಯಿಲ್ಲ, ಹೊಗೆಯಿಲ್ಲ. ಕಾವನ್ನು 50ರಿಂದ 95 ಡಿಗ್ರಿಯವರೆಗೆ ಬೇಕಾದಲ್ಲಿ ನಿಲ್ಲಿಸಬಹುದು. ಜೊತೆಗೆ ಬಂದ ಕೈಪಿಡಿಯಲ್ಲಿ ಹಸಿ ಎಲೆಯಾಗಲಿ ಒಣಗಿದ ಎಲೆಯಾಗಲಿ ಹಾಕಬಹುದೆಂದು ಬರೆದಿತ್ತು. ಅದರಂತೆ ಹಸಿ ಗರುಗದ ಸೊಪ್ಪನ್ನು ತುಂಬಿ 80 ಡಿಗ್ರಿಯಲ್ಲಿ ಮೂರು ತಾಸು ಇಟ್ಟಾಯಿತು. ಎಣ್ಣೆ ಸೊಗಸಾದ ಹಸಿರು ಬಣ್ಣಕ್ಕೆ ತಿರುಗಿತು. ಮನೆಮಂದಿಗೆಲ್ಲ ಸಂತೋಷವಾಯಿತು. ಆದರೆ ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ಸೀಸೆಯ ತಳದಲ್ಲಿ ಬಗ್ಗಡ ಕಟ್ಟಿ, ಮುಚ್ಚಳ ತೆಗೆದರೆ ಹುಳಿತ ನಾತ ಬರತೊಡಗಿತು.

ಯಂತ್ರ ಕೆಟ್ಟಿದೆಯೆಂದು ಒಬ್ಬರು, ಎಣ್ಣೆ ಕಲಬೆರಕೆಯೆಂದು ಇನ್ನೊಬ್ಬರು ವಾದಿಸುತ್ತಿರುವಾಗ ಅಕ್ಕ ಒಂದು ಹತ್ತಿಯ ಬತ್ತಿಯನ್ನು ತರಹೇಳಿದಳು. ಸೀಸೆಯ ತಳದ ಎಣ್ಣೆಯಲ್ಲಿ ಅದನ್ನು ಅದ್ದಿಸಿ, ಪಣತಿಯಲ್ಲಿಟ್ಟು ಹಚ್ಚಲು ಹೇಳಿ, ತಾನು ಕಿವಿಗೊಟ್ಟು ಕುಳಿತಳು. ಬತ್ತಿ ಚಟಚಟನೆ ಸಿಡಿಯಿತು. ‘ನೀರು ಹೋಗಿಲ್ಲೋ ತಮ್ಮಾ. ಇದು ಬೆಂದಿಲ್ಲ, ಬೆಚ್ಚಗಾಗೇತಿ ಅಷ್ಟೇ’ ಎಂದಳು. ಕಣ್ಣಿದ್ದ ನಾವೆಲ್ಲರೂ ಬಣ್ಣವನ್ನು ನೋಡಿ ಮೆಚ್ಚಿದ್ದೆವು. ಕಣ್ಣು ಕಾಣದವಳು ಕಿವಿಯಿಂದ ದೋಷವನ್ನು ಹಿಡಿದಳು. ಶಾಸ್ತ್ರದಲ್ಲಿ ಆಮಪಾಕವೆಂದು ಹೇಳಿದ್ದು ಇದೇ ಅಲ್ಲವೇ?

ಕಾರಣವನ್ನು ವಿಚಾರಿಸಿ ನೋಡಿದರೆ ವಿಷಯ ಸ್ಪಷ್ಟವಾಗಿದೆ. ಹಸಿ ಸೊಪ್ಪಿನ ತೂಕದಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕು ನೀರೇ ಇರುತ್ತದೆ. ಬಾಣಲೆಯಲ್ಲಿ ಅದು ಕುದಿದು ಆವಿಯಾಗಿ ಹೋಗುತ್ತದೆ. ಯಂತ್ರವು ನೂರು ಡಿಗ್ರಿಯನ್ನು ಮುಟ್ಟುವುದೇ ಇಲ್ಲ. ಮೇಲಾಗಿ ಅದರ ಬಾಯಿ ಮುಚ್ಚಿರುತ್ತದೆ. ಎದ್ದ ಅಷ್ಟಿಷ್ಟು ಆವಿಯೂ ಮುಚ್ಚಳಕ್ಕೆ ತಾಗಿ ತಣಿದು ಹನಿಯಾಗಿ ಮತ್ತೆ ಎಣ್ಣೆಗೇ ಬೀಳುತ್ತದೆ. ನೀರು ಎಣ್ಣೆಯಲ್ಲಿ ಕರಗದೆ ತಳಕ್ಕಿಳಿದು, ಸೊಪ್ಪಿನ ಚೂರುಗಳೊಡನೆ ಸೂಕ್ಷ್ಮಜೀವಿಗಳಿಗೆ ಮನೆಯಾಗುತ್ತದೆ. ಎಣ್ಣೆಯಲ್ಲಿ ನೀರಿನ ಹನಿಯಿದ್ದರೆ ಬತ್ತಿಯ ಉರಿಗೆ ಅದು ಥಟ್ಟನೆ ಆವಿಯಾಗಿ ಸಿಡಿಯುತ್ತದೆ. ಅಕ್ಕನ ಕಿವಿಗೆ ಕೇಳಿಸಿದ್ದು ಅದೇ.

ಪರಿಹಾರವನ್ನೂ ಅವಳೇ ಸೂಚಿಸಿದಳು. ನೀರನ್ನು ಆಮೇಲೆ ತೆಗೆಯಲಾಗದ ಮೇಲೆ ಮೊದಲೇ ತೆಗೆಯಬೇಕು. ಸೊಪ್ಪನ್ನು ತೊಳೆದು, ಬಟ್ಟೆಯ ಮೇಲೆ ತೆಳ್ಳಗೆ ಹರಡಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸತಕ್ಕದ್ದು. ಮಳೆಗಾಲದಲ್ಲಿ ಒಂದು ವಾರಕ್ಕೂ ಹೆಚ್ಚು ದಿನ ಬೇಕಾದೀತು. ಎಲೆ ಒಣಗಿದರೆ ಸಾಲದು, ದಂಟೂ ಒಣಗಿರಬೇಕು; ಬಗ್ಗಿಸಿದರೆ ಬಾಗದೆ ಪಟ್ಟನೆ ಮುರಿಯಬೇಕು. ಈ ಪರೀಕ್ಷೆಗೆ ಕಣ್ಣು ಬೇಡ, ಬೆರಳು ಸಾಕು. ಬೂಷ್ಟು ಹಿಡಿದ ಎಲೆ ಒಂದಿದ್ದರೂ ಮೂಗು ಹೇಳುತ್ತದೆ. ಹೀಗೆ ಒಣಗಿದ 40ರಿಂದ 50 ಗ್ರಾಂ ಸೊಪ್ಪನ್ನು ಒರಟಾಗಿ ಪುಡಿಮಾಡಿ, ಅರ್ಧ ಲೀಟರ್ ಎಣ್ಣೆಯಲ್ಲಿ 70 ಡಿಗ್ರಿಯಲ್ಲಿ ನಾಲ್ಕು ತಾಸು ಯಂತ್ರದಲ್ಲಿಟ್ಟೆವು. ತಣ್ಣಗಾದ ಮೇಲೆ ಒಗೆದೊಣಗಿಸಿದ ಬಟ್ಟೆಯಲ್ಲಿ ಸೋಸಿ, ಒಂದು ದಿನ ನಿಲ್ಲಿಸಿ, ತಳದ ಗಸಿಯನ್ನು ಬಿಟ್ಟು ಬಗ್ಗಿಸಿಕೊಂಡೆವು. ಬತ್ತಿಯನ್ನು ಹಚ್ಚಿದರೆ ಸದ್ದಿಲ್ಲದೆ ಉರಿಯಿತು. ಅಕ್ಕ ಬಹಳ ಹೊತ್ತು ಆಲಿಸಿದಳು. ಏನೂ ಕೇಳಿಸದಿದ್ದುದಕ್ಕೆ ಅವಳ ಮುಖದಲ್ಲಿ ಮೂಡಿದ ಸಮಾಧಾನವನ್ನು ನಾನು ವರ್ಣಿಸಲಾರೆ.

ಅಂದಿನಿಂದ ನಮ್ಮ ಮನೆಯಲ್ಲಿ ಕೆಲಸ ಹಂಚಿಕೆಯಾಗಿದೆ. ಹದವಾದ ಕಾವನ್ನು ಒಂದೇ ಸಮನೆ ಕಾಯುವುದು ಯಂತ್ರದ ಕೆಲಸ. ಸೊಪ್ಪು ಒಣಗಿದೆಯೇ, ಎಣ್ಣೆ ಪಕ್ವವಾಗಿದೆಯೇ, ಸೀಸೆಗೆ ತುಂಬಬಹುದೇ ಎಂಬ ತೀರ್ಮಾನ ಅಕ್ಕನದು. ಸೀಸೆ ಕೇಳುವವರು ಮತ್ತೆ ಬರತೊಡಗಿದ್ದಾರೆ. ಬಂದವರೊಡನೆ ಅವಳ ಮಾತೂ ಮರಳಿದೆ.

ಆದರೂ ಇದನ್ನು ತೈಲಪಾಕವೆಂದು ಕರೆಯುವುದಕ್ಕೆ ಅವಳು ಒಪ್ಪುವುದಿಲ್ಲ. ‘ಇದು ಅದರ ತಂಗಿ’ ಎನ್ನುತ್ತಾಳೆ. ಅವಳ ಮಾತಿನಲ್ಲಿ ಅರ್ಥವಿದೆ. ಕೊಬ್ಬಿನಲ್ಲಿ ಕರಗತಕ್ಕ ಅಂಶಗಳು ಮಾತ್ರ ಎಣ್ಣೆಗೆ ನೇರವಾಗಿ ಇಳಿಯುತ್ತವೆ: ಎಲೆಯ ಹಸಿರು, ಅರಿಶಿನದ ಹಳದಿ, ತುಳಸಿಯ ಗಂಧ ಇವೆಲ್ಲ ಆ ಜಾತಿಯವು. ದಾಸವಾಳದ ಎಲೆಯ ಲೋಳೆ ನೀರಿನ ಪಾಲಿನದು. ಅದು ಎಣ್ಣೆಯಲ್ಲಿ ಕರಗುವುದಿಲ್ಲ. ತುಳಸಿಯಂಥ ಸುಗಂಧದ್ರವ್ಯಗಳಿಗಾದರೋ ತೆರೆದ ಬಾಣಲೆಗಿಂತ ಮುಚ್ಚಿದ ಯಂತ್ರವೇ ಮೇಲು. ಕುದಿಯುವಾಗ ಆವಿಯೊಡನೆ ಹಾರಿಹೋಗುವ ಪರಿಮಳವು ಅದರಲ್ಲಿ ಉಳಿಯುತ್ತದೆ. ಒಂದರ ಗುಣ ಒಂದಕ್ಕಿಲ್ಲ.

ಈ ಎಣ್ಣೆಯಿಂದ ಬೋಳುತಲೆಯಲ್ಲಿ ಕೂದಲು ಬರುವುದೆಂದು ನಾನು ಹೇಳುವವನಲ್ಲ. 2003ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ, ಕೊಬ್ಬರಿ ಎಣ್ಣೆಯು ಕೂದಲಿನ ಒಳಕ್ಕಿಳಿದು ತೊಳೆಯುವಾಗ ಆಗುವ ಪ್ರೋಟೀನಿನ ನಷ್ಟವನ್ನು ಕಡಿಮೆ ಮಾಡುವುದೆಂದೂ, ಸೂರ್ಯಕಾಂತಿ ಎಣ್ಣೆಗೂ ಖನಿಜ ತೈಲಕ್ಕೂ ಆ ಗುಣ ಕಾಣಲಿಲ್ಲವೆಂದೂ ತೋರಿಸಿದ್ದಾರೆ. ಅಷ್ಟು ಲಾಭವೇನೂ ಕಡಿಮೆಯದಲ್ಲ. ರೋಗವಿದ್ದರೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಎಣ್ಣೆಯ ಸೀಸೆ ಔಷಧಾಲಯದ ಬದಲಿಯಲ್ಲ. ತನ್ನ ಕಣ್ಣಿನ ಹನಿಗಳನ್ನು ಅಕ್ಕ ಒಂದು ಹೊತ್ತೂ ತಪ್ಪಿಸುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. ಮೊದಲನೆಯದು, ಇದೇ ಯಂತ್ರದಲ್ಲಿ ಅಡಿಗೆಗಾಗಿ ಹಸಿ ಬೆಳ್ಳುಳ್ಳಿಯ ಎಣ್ಣೆ ಮಾಡಿ ತಿಂಗಳುಗಟ್ಟಲೆ ಇಡುವ ಆಸೆ. ಮಣ್ಣಿನಲ್ಲಿರುವ ಕ್ಲಾಸ್ಟ್ರಿಡಿಯಮ್ ಬಾಟ್ಯುಲಿನಮ್ ಎಂಬ ಜೀವಾಣುವಿನ ಬೀಜಕಣಗಳು ಬೆಳ್ಳುಳ್ಳಿಯೊಡನೆ ಬರಬಹುದು. ಅವು ಕುದಿಯುವ ನೀರಿನ ಕಾವಿಗೂ ಸಾಯುವುದಿಲ್ಲ. ಒತ್ತಡದ ಪಾತ್ರೆಯಲ್ಲಿ ಸುಮಾರು 121 ಡಿಗ್ರಿಯವರೆಗೆ ಕಾಯಿಸಿದರೆ ಮಾತ್ರ ನಾಶವಾಗುತ್ತವೆ. ಎಣ್ಣೆಯ ಒಳಗೆ ಗಾಳಿಯಿಲ್ಲದ, ಹುಳಿಯಿಲ್ಲದ, ತೇವವಿರುವ ಜಾಗ ಸಿಕ್ಕರೆ ಅವು ಮೊಳೆತು, ನರಗಳನ್ನು ಸ್ತಂಭಿಸುವ ಘೋರ ವಿಷವನ್ನು ಉತ್ಪಾದಿಸುತ್ತವೆ. ಆ ವಿಷಕ್ಕೆ ಬಣ್ಣವೂ ಇಲ್ಲ, ನಾತವೂ ಇಲ್ಲ. 1985ರಲ್ಲಿ ಕೆನಡಾ ದೇಶದ ವ್ಯಾಂಕೂವರ್ ನಗರದ ಒಂದು ಉಪಾಹಾರ ಗೃಹದಲ್ಲಿ ಎಣ್ಣೆಯಲ್ಲಿಟ್ಟ ಕೊಚ್ಚಿದ ಬೆಳ್ಳುಳ್ಳಿಯನ್ನು ತಿಂದು 36 ಮಂದಿ ಈ ರೋಗಕ್ಕೆ ಗುರಿಯಾದರು. 1989ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಮತ್ತೆ ಮೂವರಿಗೆ ಹೀಗಾದ ಮೇಲೆ, ಮಾರಾಟಕ್ಕಿಡುವ ಅಂಥ ಬೆಳ್ಳುಳ್ಳಿಗೆ ಆಮ್ಲ ಬೆರೆಸಲೇಬೇಕೆಂದು ಅಲ್ಲಿನ ಸರಕಾರ ಕಟ್ಟುನಿಟ್ಟು ಮಾಡಿತು. ಆದ್ದರಿಂದ ತಿನ್ನುವ ಎಣ್ಣೆಯನ್ನು ಮನೆಯಲ್ಲಿ ಮಾಡಿದರೆ ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನಗಳೊಳಗೆ ಮುಗಿಸತಕ್ಕದ್ದು, ಉಳಿದದ್ದನ್ನು ಚೆಲ್ಲತಕ್ಕದ್ದು. ಇಲ್ಲಿ ಬತ್ತಿಯ ಪರೀಕ್ಷೆಯನ್ನೂ ಮೂಗಿನ ಪರೀಕ್ಷೆಯನ್ನೂ ನಂಬಬಾರದು. ಅಕ್ಕನಿಗೆ ಇದನ್ನು ಓದಿ ಹೇಳಿದಾಗ, ‘ಹಾಗಾದರೆ ಬೆಳ್ಳುಳ್ಳಿಯನ್ನು ಆಯಾ ದಿನವೇ ಒಗ್ಗರಣೆ ಹಾಕಿದರಾಯಿತು’ ಎಂದಳು. ಅದಕ್ಕಿಂತ ಒಳ್ಳೆಯ ಉಪಾಯ ಯಾವುದಿದೆ?

ಎರಡನೆಯದು, ಹಸುಗೂಸುಗಳ ಮೂಗಿಗೂ ಬಾಯಿಗೂ ಎಣ್ಣೆ ಬಿಡುವ ಹಳೆಯ ರೂಢಿ. ಆ ಎಣ್ಣೆ ಶ್ವಾಸಕೋಶಕ್ಕಿಳಿದು ಕಠಿಣವಾದ ನ್ಯುಮೋನಿಯಾವನ್ನು ಉಂಟುಮಾಡಬಲ್ಲದೆಂದು ಮಕ್ಕಳ ವೈದ್ಯರು ಕಂಡಿದ್ದಾರೆ. ನಸ್ಯವು ಬಲ್ಲ ವೈದ್ಯರ ಕೈಯಲ್ಲಿ ಮಾತ್ರ ಆಗತಕ್ಕ ಕ್ರಿಯೆ; ಮನೆಯ ಎಣ್ಣೆ ಮೈಯ ಹೊರಗೇ ಉಳಿಯಲಿ.

ಕಡೆಯದಾಗಿ ಶೇಖರಣೆಯ ಮಾತು. ಬೆಳಕು, ಗಾಳಿ, ಶಾಖ ಈ ಮೂರೂ ಎಣ್ಣೆಯ ಶತ್ರುಗಳು. ತಾಮ್ರ ಮತ್ತು ಕಬ್ಬಿಣದ ಪಾತ್ರೆಗಳೂ ಅದನ್ನು ಬೇಗ ಮುಗ್ಗಲು ಮಾಡುತ್ತವೆ. ಎಳ್ಳೆಣ್ಣೆಯಲ್ಲಿ ಸ್ವಾಭಾವಿಕವಾಗಿಯೇ ಇರುವ ಸೆಸಮಾಲ್ ಮೊದಲಾದ ಅಂಶಗಳು ಅದನ್ನು ಹೆಚ್ಚು ಕಾಲ ಕಾಯುತ್ತವೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟಿದರೆ ಕೆಟ್ಟಿತೆಂದು ತಿಳಿಯಬೇಕಾಗಿಲ್ಲ. ಚೆನ್ನಾಗಿ ಒಣಗಿಸಿದ ಬಣ್ಣದ ಗಾಜಿನ ಸೀಸೆಯಲ್ಲಿ ಕಂಠದವರೆಗೆ ತುಂಬಿ, ಮಾಡಿದ ತಾರೀಖನ್ನು ಚೀಟಿಯಲ್ಲಿ ಬರೆದಂಟಿಸಿ. ಹಸಿ ಕೈಯನ್ನೂ ಹಸಿ ಚಮಚವನ್ನೂ ಅದರೊಳಗೆ ಅದ್ದಬೇಡಿ. ಬಗ್ಗಡವೋ ಮುಗ್ಗಲೋ ಕಂಡರೆ ಮರುಕಪಡದೆ ಚೆಲ್ಲಿಬಿಡಿ.

ವಾಚಕರೇ, ತಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಹೀಗೆ ಕೈಯಲ್ಲಿ, ಕಿವಿಯಲ್ಲಿ, ಮೂಗಿನಲ್ಲಿ ವಿದ್ಯೆಯನ್ನಿಟ್ಟುಕೊಂಡ ಹಿರಿಯ ಜೀವವೊಂದು ಇದ್ದೀತು. ಅವರಿಗೆ ಶಕ್ತಿ ಕುಂದಿದೆಯೆಂದು ಮೂಲೆಗೆ ಕೂಡಿಸಿದರೆ ನಷ್ಟ ಅವರೊಬ್ಬರದೇ ಅಲ್ಲ. ಭಾರವಾದ ಕೆಲಸವನ್ನು ಯಂತ್ರಕ್ಕೆ ಕೊಡಿ, ತೀರ್ಮಾನವನ್ನು ಅವರಿಗೆ ಬಿಡಿ. ಪಕ್ಕದಲ್ಲಿ ಮನೆಯ ಮಕ್ಕಳನ್ನು ಕೂಡಿಸಿ. ನಮ್ಮ ಮನೆಯಲ್ಲಿ ಈಗ ಹತ್ತು ವರ್ಷದ ಮೊಮ್ಮಗಳು ದಂಟನ್ನು ಮುರಿದು ಅದರ ಸದ್ದನ್ನು ಅಜ್ಜಿಗೆ ಕೇಳಿಸುತ್ತಾಳೆ; ಸರಿಯೋ ತಪ್ಪೋ ಎಂಬುದನ್ನು ಅಜ್ಜಿ ಹೇಳುತ್ತಾಳೆ. ಕಳೆದ ಸಾರಿ ಹತ್ತರಲ್ಲಿ ಎಂಟು ದಂಟುಗಳನ್ನು ಹುಡುಗಿ ತಾನೇ ಸರಿಯಾಗಿ ಆರಿಸಿದಳು. ಮುಂದಿನ ಮಳೆಗೆ ಕೆರೆಯಂಗಳದ ಗರುಗವನ್ನು ತರುವವಳೂ ಅವಳೇ.